ಟಿವಿಯಲ್ಲಿ ಸಿನಿಮಾ ಯಾಕೆ ಧಾರಾವಾಹಿ ಥರ ಕಾಣುತ್ತದೆ? ‘ಮೋಷನ್’ ಜಗಳದ ಹಿನ್ನೆಲೆ

2025ರ ಸೆಪ್ಟೆಂಬರ್‌ನಲ್ಲಿ ಡಾಲ್ಬಿ ಕಂಪನಿ ಟಿವಿಯ ಚಿತ್ರವನ್ನು ತಿದ್ದುವ ‘ಡಾಲ್ಬಿ ವಿಷನ್ 2’ ಅನ್ನುವ ತಂತ್ರಜ್ಞಾನ ಘೋಷಿಸಿತು. ಬಣ್ಣ, ಬೆಳಕು, ಕತ್ತಲ ದೃಶ್ಯ ಎಲ್ಲದಕ್ಕೂ ಅದರಲ್ಲಿ ಏನೋ ಒಂದು ಹೊಸದಿತ್ತು. ಆದರೆ ಮನೆಯಲ್ಲೇ ಥಿಯೇಟರ್ ಕಟ್ಟಿಕೊಂಡು ಸಿನಿಮಾ ನೋಡುವವರ ಕಣ್ಣು ಹೋಗಿ ನಿಂತಿದ್ದು ‘ಅಥೆಂಟಿಕ್ ಮೋಷನ್’ ಅನ್ನುವ ಒಂದು ಸಾಲಿನ ಮೇಲೆ. ಯಾವ ಶಾಟ್‌ನಲ್ಲಿ ಚಲನೆ ಎಷ್ಟು ನಯವಾಗಿರಬೇಕು ಅಂತ ಸಿನಿಮಾ ಮಾಡಿದವರೇ ಗುರುತು ಹಾಕಿ ಕಳಿಸುತ್ತಾರೆ, ಟಿವಿ ಅದನ್ನು ಪಾಲಿಸುತ್ತದೆ ಅನ್ನುವುದು ಇದರ ಸಾರ. ಕೇಳೋಕೆ ಒಳ್ಳೆಯದೇ. ಆದರೂ ಬಹಳ ಜನರಿಗೆ ಸಿಟ್ಟು ಬಂತು. ಇಷ್ಟು ವರ್ಷ ಹೊಸ ಟಿವಿ ಮನೆಗೆ ಬಂದ ದಿನವೇ ನಾವು ಹುಡುಕಿ ಆಫ್ ಮಾಡುತ್ತಿದ್ದ, ಚಲನೆ ನಯ ಮಾಡುವ ‘ಮೋಷನ್’ ಸೆಟ್ಟಿಂಗ್ ಈಗ ಹಿಂಬಾಗಿಲಿಂದ ಬರುತ್ತಿದೆಯಾ ಅಂತ.

ಹೊರಗಿನಿಂದ ನೋಡುವವರಿಗೆ ಇಷ್ಟು ಸಿಟ್ಟು ಯಾಕೆ ಅಂತ ಅರ್ಥ ಆಗುವುದಿಲ್ಲ. ಚಿತ್ರ ನಯವಾಗಿ ಓಡಿದರೆ ಒಳ್ಳೆಯದೇ ಅಲ್ವಾ?

ಮೊದಲಿಂದ ಶುರು ಮಾಡೋಣ. ಮೂಕಿ ಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮ್, ಅಂದರೆ ಬಿಡಿ ಚಿತ್ರ, ಅಂತ ಇರಲಿಲ್ಲ. ಕ್ಯಾಮೆರಾ ತಿರುಗಿಸುವವನ ಕೈ ಹೋದ ಹಾಗೆ ಹೋಗುತ್ತಿತ್ತು. 1920ರ ದಶಕದ ಕೊನೆಗೆ ಮಾತು ಬಂತು, ರೀಲಿನ ಅಂಚಿನಲ್ಲೇ ಧ್ವನಿ ಕೂತಿತು. ರೀಲಿನ ವೇಗ ಹೆಚ್ಚುಕಮ್ಮಿ ಆದರೆ ದನಿಯೇ ಕೆಡುತ್ತದೆ. ವೇಗ ತೀರಾ ಕಡಿಮೆ ಆದರೆ ಧ್ವನಿ ಚೆನ್ನಾಗಿರುವುದಿಲ್ಲ, ಜಾಸ್ತಿ ಆದರೆ ರೀಲಿನ ಖರ್ಚು ಏರುತ್ತದೆ. ಹೀಗೆ 24ಕ್ಕೆ ಬಂದು ನಿಂತರು. ಆಮೇಲೆ ಸುಮಾರು ನೂರು ವರ್ಷ ಜಗತ್ತಿನ ಸಿನಿಮಾ ಹೆಚ್ಚುಕಮ್ಮಿ ಎಲ್ಲ ಆ ವೇಗದಲ್ಲೇ ಬಂತು. ಚಲನೆಯಲ್ಲಿ ಸ್ವಲ್ಪ ಮಸುಕು, ಕ್ಯಾಮೆರಾ ತಿರುಗಿದಾಗ ಸಣ್ಣ ಎಳೆತ, ಎಲ್ಲ ಸೇರಿ ‘ಸಿನಿಮಾ ಅಂದರೆ ಹೀಗೆ’ ಅಂತ ನಮ್ಮ ಕಣ್ಣಿಗೆ ಒಗ್ಗಿಹೋಯಿತು.

ಟಿವಿಯ ಲೆಕ್ಕ ಬೇರೆ. ನಮ್ಮ ದೂರದರ್ಶನ ನಡೆದದ್ದು ಪಾಲ್ ಪದ್ಧತಿಯಲ್ಲಿ, ಅಂದರೆ ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮನ್ನೂ ಎರಡು ಅರ್ಧ ಮಾಡಿ ಕಳಿಸುವುದರಿಂದ ಚಲನೆ 50 ಹೆಜ್ಜೆಯಲ್ಲಿ ಕಾಣುತ್ತದೆ. ವಿಡಿಯೊ ಕ್ಯಾಮೆರಾದಲ್ಲಿ ತೆಗೆದ ಧಾರಾವಾಹಿ, ವಾರ್ತೆ, ಕ್ರಿಕೆಟ್ ಎಲ್ಲ ಈ 50ರ ಲೆಕ್ಕದ್ದು. ಸಿನಿಮಾವನ್ನು ಈ ಪದ್ಧತಿಗೆ ಹೊಂದಿಸಲು ಇದ್ದ ಉಪಾಯ ಬಹಳ ಸರಳ, 24ನ್ನು 25ರ ವೇಗದಲ್ಲಿ ಓಡಿಸಿಬಿಡುವುದು. ಹಾಗಾಗಿ ಎರಡೂವರೆ ಗಂಟೆಯ ಸಿನಿಮಾ ಟಿವಿಯಲ್ಲಿ 6 ನಿಮಿಷ ಮೊದಲೇ ಮುಗಿಯುತ್ತಿತ್ತು, ಹಾಡಿನ ಶ್ರುತಿ ಒಂಚೂರು ಮೇಲಕ್ಕೆ ಹೋಗುತ್ತಿತ್ತು. ಅಮೆರಿಕದ ಟಿವಿ 60ರ ಲೆಕ್ಕದ್ದು. ಅಲ್ಲಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ತೋರಿಸಿ ಸರಿದೂಗಿಸಿದರು. ಆಗ ಚಲನೆ ಕುಂಟಿದ ಹಾಗೆ ಕಾಣುತ್ತದೆ. ಹೀಗೆ ಕುಲುಕಿ ಕುಲುಕಿ ಹೋಗುವುದಕ್ಕೆ ಹೋಮ್ ಥಿಯೇಟರ್ ಮಂದಿ ‘ಜಡ್ಡರ್’ ಅನ್ನುತ್ತಾರೆ.

ನಾವು ಯಾರೂ ಕಲಿಯದೇ ಕಲಿತ ಒಂದು ಪಾಠ ಇಲ್ಲಿದೆ. ನಯವಾಗಿ ಓಡಿದರೆ ಧಾರಾವಾಹಿ ಅಥವಾ ಕ್ರಿಕೆಟ್, ಸ್ವಲ್ಪ ಎಳೆದ ಹಾಗೆ ಇದ್ದರೆ ಸಿನಿಮಾ. ಚಾನೆಲ್ ಬದಲಿಸುವಾಗ ಅರ್ಧ ಸೆಕೆಂಡಿನಲ್ಲಿ ಇದು ಸಿನಿಮಾ ಅಂತ ಗೊತ್ತಾಗುತ್ತದಲ್ಲ, ಅದರ ಹಿಂದಿರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಡಬ್ಬಾ ಟಿವಿ ಇದ್ದಷ್ಟು ಕಾಲ ಜಗಳ ಇರಲಿಲ್ಲ. ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಮಿಂಚಿ ಮಾಯವಾಗುತ್ತದೆ, ಮತ್ತೆ ಮಿಂಚುತ್ತದೆ. ನಡುವೆ ಕತ್ತಲು. ಥಿಯೇಟರಿನ ಪ್ರೊಜೆಕ್ಟರ್ ಕೂಡ ಒಂದೊಂದು ಫ್ರೇಮನ್ನು ಎರಡು ಮೂರು ಸಲ ಹೀಗೇ ಮಿಂಚಿಸುತ್ತಿತ್ತು. ಆ ಕತ್ತಲು ಕಣ್ಣಿಗೆ ಬಹಳ ಉಪಕಾರ ಮಾಡುತ್ತದೆ, ಚಲನೆ ಮಸುಕಾಗುವುದಿಲ್ಲ. ಪ್ಲಾಸ್ಮಾ ಟಿವಿಯಲ್ಲೂ ಹೆಚ್ಚುಕಮ್ಮಿ ಇದೇ ಗುಣ ಇತ್ತು. ಅದಕ್ಕೇ ಹಳೆಯ ಹೋಮ್ ಥಿಯೇಟರ್ ಮಂದಿ ಇವತ್ತಿಗೂ ಪಯೊನೀರ್ ಕುರೊ ಅನ್ನುವ ಪ್ಲಾಸ್ಮಾ ಟಿವಿಯ ಹೆಸರು ಹೇಳಿದರೆ ಕರಗಿಹೋಗುತ್ತಾರೆ.

ಎಲ್‌ಸಿಡಿ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಎಲ್‌ಸಿಡಿ ಒಂದು ಫ್ರೇಮನ್ನು ತೋರಿಸಿದರೆ ಮುಂದಿನದು ಬರುವ ತನಕ ಅದನ್ನೇ ಹಿಡಿದು ನಿಲ್ಲಿಸಿರುತ್ತದೆ. ನಮ್ಮ ಕಣ್ಣು ಮಾತ್ರ ಬೌಂಡರಿ ಕಡೆ ಓಡುವ ಚೆಂಡಿನ ಹಿಂದೆ ಸರಿಯುತ್ತಲೇ ಇರುತ್ತದೆ. ಚಿತ್ರ ನಿಂತಿದೆ, ಕಣ್ಣು ಸರಿಯುತ್ತಿದೆ, ಹಾಗಾಗಿ ಚೆಂಡು ಬಾಲ ಎಳೆದ ಹಾಗೆ ಮಸುಕಾಗುತ್ತದೆ. ಇದು ಪ್ಯಾನೆಲ್ಲಿನ ಹುಟ್ಟುಗುಣ. ಇದಕ್ಕೆ ಸಿಕ್ಕ ಮದ್ದು ಅಂದರೆ ಫ್ರೇಮ್ ಜಾಸ್ತಿ ಮಾಡುವುದು. ಫಿಲಿಪ್ಸ್ ಈ ವಿದ್ಯೆಯನ್ನು 1990ರ ದಶಕದಲ್ಲೇ ಟ್ಯೂಬ್ ಟಿವಿಗೆ ತಂದಿತ್ತು. ಆದರೆ ಮನೆಮನೆಗೆ ಹೋಗಿದ್ದು 2007ರ ಆಸುಪಾಸಿನಲ್ಲಿ, ಸೆಕೆಂಡಿಗೆ 100, 120 ಸಲ ಚಿತ್ರ ಬದಲಿಸುವ, ಅಂದರೆ 100 ಮತ್ತು 120 ಹರ್ಟ್ಸ್ ಎಲ್‌ಸಿಡಿಗಳು ಬಂದಾಗ. ಸೋನಿಯದ್ದು ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನದ್ದು ಆಟೊ ಮೋಷನ್ ಪ್ಲಸ್, ಎಲ್‌ಜಿಯದ್ದು ಟ್ರೂಮೋಷನ್. ಹೆಸರು ಬೇರೆ, ಕೆಲಸ ಒಂದೇ. ಎರಡು ಫ್ರೇಮ್ ಪಕ್ಕಪಕ್ಕ ಇಟ್ಟು ಯಾವುದು ಎಲ್ಲಿಗೆ ಸರಿದಿದೆ ಅಂತ ಊಹಿಸಿ, ನಡುವಿನ ಫ್ರೇಮುಗಳನ್ನು ಟಿವಿಯೇ ತಯಾರಿಸುತ್ತದೆ. ಪೂರ್ತಿ ಜೋರಾಗಿ ಇಟ್ಟರೆ ಸೆಕೆಂಡಿನ 120 ಫ್ರೇಮಿನಲ್ಲಿ 24 ಮಾತ್ರ ಕ್ಯಾಮೆರಾ ಕಂಡದ್ದು. ಉಳಿದ 96 ಟಿವಿಯ ಊಹೆ.

ಕ್ರಿಕೆಟ್‌ಗೆ ಇದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಆಗಿದ್ದು ಸಿನಿಮಾಕ್ಕೆ. ಕೋಟಿಗಟ್ಟಲೆ ಖರ್ಚು ಮಾಡಿ, ದಿನಗಟ್ಟಲೆ ಲೈಟಿಂಗ್ ಮಾಡಿ ತೆಗೆದ ದೃಶ್ಯ ಸಂಜೆ ಏಳರ ಧಾರಾವಾಹಿ ಥರ ಕಾಣತೊಡಗಿತು. ಸೆಟ್ಟು ಸೆಟ್ಟಿನ ಹಾಗೆ, ಮೇಕಪ್ಪು ಮೇಕಪ್ಪಿನ ಹಾಗೆ ಕಂಡಿತು. ಊಹೆ ತಪ್ಪಿದಾಗ ಇನ್ನೂ ಕಷ್ಟ. ನಾಯಕ ಕಿಟಕಿಯ ಸರಳುಗಳ ಹಿಂದೆ ನಡೆದು ಹೋಗುವ ಒಂದು ಶಾಟ್ ಹಾಕಿ ನೋಡಿ. ತಲೆಯ ಸುತ್ತ ನೀರು ಅಲುಗಿದ ಹಾಗೆ ಒಂದು ಅಂಚು ಕಾಣುತ್ತದೆ, ಸರಳು ಕೂದಲಿಗೆ ಅಂಟಿಕೊಂಡು ಒಂದು ಗಳಿಗೆ ಜೊತೆಗೇ ಬಂದು ಮತ್ತೆ ತನ್ನ ಜಾಗಕ್ಕೆ ಹಾರುತ್ತದೆ. ಸೈಕಲ್ಲಿನ ಕಡ್ಡಿ, ಫ್ಯಾನಿನ ರೆಕ್ಕೆ, ಹೊಡೆದಾಟದಲ್ಲಿ ಬೀಸುವ ಕೈ ತುಂಡು ತುಂಡಾಗುತ್ತವೆ. ಒಮ್ಮೆ ಕಂಡಮೇಲೆ ಕಾಣದ ಹಾಗೆ ಇರಲು ಆಗುವುದಿಲ್ಲ.

ಇಷ್ಟಾದರೂ ಇದು ಒಂದು ಆಯ್ಕೆಯಾಗಿ ಇದ್ದಿದ್ದರೆ ಇಷ್ಟು ದೊಡ್ಡ ಜಗಳ ಆಗುತ್ತಿರಲಿಲ್ಲ. ಇದು ಹೆಚ್ಚಿನ ಟಿವಿಗಳಲ್ಲಿ ಮೊದಲಿಂದಲೇ ಆನ್ ಆಗಿ ಬಂತು. ಶೋರೂಮಿನ ಬೆಳಕಿನಲ್ಲಿ ಸಾಲಾಗಿ ಹತ್ತು ಟಿವಿ ನಿಂತಾಗ ಯಾವುದು ಹೊಳೆಯುತ್ತದೋ, ಯಾವುದು ಜಾರುತ್ತದೋ ಅದೇ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಡಬ್ಬಿ ಮೇಲೆ ದೊಡ್ಡ ನಂಬರ್ ಹಾಕಲೂ ಇದು ಅನುಕೂಲ, 240, 480, 960 ಅಂತ ಏರುತ್ತಲೇ ಹೋಯಿತು, ಒಳಗಿನ ಪ್ಯಾನೆಲ್ ಅಷ್ಟು ಓಡದಿದ್ದರೂ ಸರಿ. ಟಿವಿ ಫಿಟ್ ಮಾಡಲು ಬಂದವರು ಗೋಡೆಗೆ ಹಾಕಿ, ಚಾನೆಲ್ ಟ್ಯೂನ್ ಮಾಡಿ ಹೋಗುತ್ತಾರೆ. ಈ ಸೆಟ್ಟಿಂಗ್ ನಾಲ್ಕು ಮೆನು ಒಳಗೆ ಕೂತಿರುತ್ತದೆ. ಅದನ್ನು ಆಫ್ ಮಾಡಬಹುದು ಅಂತ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗೊತ್ತಿಲ್ಲ. ಆನ್ ಮಾಡಿ ಬಿಟ್ಟಿದ್ದು ಯಾರು ಅನ್ನುವುದಕ್ಕಿಂತ ಇಷ್ಟು ವರ್ಷ ಹಾಗೇ ಬಿಟ್ಟದ್ದು ನನಗೆ ಬೇಸರ ತರುತ್ತದೆ.

ಸಿನಿಮಾ ಮಾಡುವವರು ದನಿ ಎತ್ತಲು ಸ್ವಲ್ಪ ಸಮಯ ಹಿಡಿಯಿತು. ಛಾಯಾಗ್ರಾಹಕಿ ರೀಡ್ ಮೊರಾನೊ ಇದನ್ನು ಮೊದಲಿಂದಲೇ ಆನ್ ಮಾಡಿ ಕಳಿಸಬೇಡಿ ಅಂತ ಸಹಿ ಸಂಗ್ರಹ ಮಾಡಿದರು. 2018ರಲ್ಲಿ ನಿರ್ದೇಶಕರಾದ ಕ್ರಿಸ್ಟೊಫರ್ ನೋಲನ್, ಪಾಲ್ ಥಾಮಸ್ ಆ್ಯಂಡರ್‌ಸನ್ ಟಿವಿ ಕಂಪನಿಗಳ ಜೊತೆ ಮಾತಿಗೆ ಇಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮೆಕ್‌ಕ್ವಾರಿ ಒಟ್ಟಿಗೆ ನಿಂತು, ದಯವಿಟ್ಟು ಇದನ್ನು ಆಫ್ ಮಾಡಿ ನೋಡಿ ಅಂತ ವಿಡಿಯೊ ಹಾಕಿದ ಮೇಲೆ ಮಾತು ಸಾಮಾನ್ಯ ಜನರಿಗೂ ಮುಟ್ಟಿತು. 2019ರ ಆಗಸ್ಟ್‌ನಲ್ಲಿ ಟಿವಿ ಕಂಪನಿಗಳು, ಸ್ಟುಡಿಯೊಗಳು ಸೇರಿದ ಒಕ್ಕೂಟ ಯುಎಚ್‌ಡಿ ಅಲಯನ್ಸ್ ‘ಫಿಲ್ಮ್‌ಮೇಕರ್ ಮೋಡ್’ ತಂದಿತು. ಒಂದೇ ಆಯ್ಕೆಯಲ್ಲಿ ಮೋಷನ್, ಶಾರ್ಪ್‌ನೆಸ್, ಬೇಡದ ಬಣ್ಣ ಎಲ್ಲ ಆಫ್. ಗೆದ್ದೆವು ಅಂತ ಆಗ ಎಲ್ಲರೂ ಅಂದುಕೊಂಡರು.

ಆದರೆ ಅಷ್ಟರಲ್ಲಿ ಪರದೆಯೇ ಬದಲಾಗಿತ್ತು. ಪ್ಯಾನಸಾನಿಕ್ 2013ರಲ್ಲಿ ಪ್ಲಾಸ್ಮಾ ನಿಲ್ಲಿಸಿತು, ಮರುವರ್ಷ ಸ್ಯಾಮ್‌ಸಂಗ್, ಎಲ್‌ಜಿ ಕೂಡ ನಿಲ್ಲಿಸಿದವು. ಹೋಮ್ ಥಿಯೇಟರ್ ಮಂದಿ ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಪರದೆಗೆ ಬಂದರು. ಅದರ ಕಪ್ಪು ನೋಡಿದವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ, ನಾನೂ ಆ ಪಕ್ಷವೇ. ಆದರೆ ಓಎಲ್‌ಇಡಿ ಒಂದು ಫ್ರೇಮಿನಿಂದ ಮತ್ತೊಂದಕ್ಕೆ ಥಟ್ಟನೆ ಹಾರುತ್ತದೆ. ಹಳೆಯ ಎಲ್‌ಸಿಡಿ ನಿಧಾನವಾಗಿ ಬದಲಾಗುತ್ತಿದ್ದುದರಿಂದ 24 ಫ್ರೇಮಿನ ಎಳೆತ ಸ್ವಲ್ಪ ಮುಚ್ಚಿಹೋಗುತ್ತಿತ್ತು. ಇಲ್ಲಿ ಅದು ಬಿಚ್ಚಿಕೊಂಡಿತು, ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನ ಮೇಲೆ ತಿರುಗಿದರೆ ಬೆಟ್ಟವೇ ಮೆಟ್ಟಿಲು ಮೆಟ್ಟಿಲಾಗಿ ಸರಿಯುತ್ತದೆ. ಅದರ ಮೇಲೆ ಬೆಳಕು-ಕತ್ತಲಿನ ಅಂತರ ಹೆಚ್ಚಿಸುವ ಎಚ್‌ಡಿಆರ್ ಬಂತು. ಥಿಯೇಟರಿನ ಪರದೆಯ ಬೆಳಕಿನ ಮಟ್ಟ 48 ನಿಟ್ಸ್. ಇವತ್ತಿನ ಒಳ್ಳೆಯ ಟಿವಿ 1000 ದಾಟುತ್ತದೆ. ಬೆಳಕು ಜಾಸ್ತಿ ಆದಷ್ಟೂ ಕಣ್ಣಿಗೆ ಕುಲುಕಾಟ ಜಾಸ್ತಿ ಕಾಣುತ್ತದೆ. ನಡುವೆ ಕಪ್ಪು ಫ್ರೇಮ್ ತೂರಿಸಿ ಹಳೆಯ ಮಿಂಚು ತರಬಹುದು, ಆದರೆ ಬೆಳಕು ಅಷ್ಟೇ ಕಡಿಮೆ ಆಗುತ್ತದೆ.

ಹೀಗಾಗಿ ಹೋಮ್ ಥಿಯೇಟರ್ ಮಂದಿಯಲ್ಲೇ ಒಡಕು ಬಂತು. 24 ಅಂದರೆ 24, ಎಳೆದರೂ ಅದು ಸಿನಿಮಾದ ಗುಣ ಅನ್ನುವವರು ಒಂದು ಕಡೆ. ಎಲ್‌ಜಿಯಲ್ಲಿ ಕುಲುಕಾಟ ತಗ್ಗಿಸುವ ‘ಡಿ-ಜಡ್ಡರ್’ ಸೆಟ್ಟಿಂಗನ್ನು ಸೊನ್ನೆಯಿಂದ ಎರಡಕ್ಕೋ ಮೂರಕ್ಕೋ ಏರಿಸಿ, ಸುಮ್ನೆ ಕಣ್ಣು ನೋಯಿಸಿಕೊಳ್ಳುವುದು ಯಾಕೆ ಅನ್ನುವವರು ಇನ್ನೊಂದು ಕಡೆ. ಹತ್ತು ವರ್ಷದ ಹಿಂದೆ ಎರಡನೆಯವರು ಬಾಯಿ ಬಿಡುತ್ತಿರಲಿಲ್ಲ. ಈಗ ಧೈರ್ಯವಾಗಿ ಹೇಳುತ್ತಾರೆ. ಪೀಟರ್ ಜಾಕ್ಸನ್ 2012ರಲ್ಲಿ ‘ದಿ ಹಾಬಿಟ್’ ಅನ್ನು 48 ಫ್ರೇಮಿನಲ್ಲೇ ತೆಗೆದಾಗ ಬಂದ ದೂರು ಕೂಡ ಇದೇ ಆಗಿತ್ತು, ಧಾರಾವಾಹಿ ಥರ ಇದೆ ಅಂತ. ಅಲ್ಲಿ ಊಹೆಯ ಫ್ರೇಮ್ ಒಂದೂ ಇರಲಿಲ್ಲ. ಅಂದರೆ ನಮ್ಮ ಸಿಟ್ಟಿನಲ್ಲಿ ಒಂದು ಪಾಲು ಅಭ್ಯಾಸದ್ದು ಅಂತ ಒಪ್ಪಿಕೊಳ್ಳಬೇಕು.

ಡಾಲ್ಬಿಯ ಹೊಸ ಘೋಷಣೆ ಬಂದು ಬಿದ್ದಿದ್ದು ಈ ನೆಲದ ಮೇಲೆ. ಶಾಟ್ ಲೆಕ್ಕದಲ್ಲಿ ಚಲನೆ ತಿದ್ದುವುದು ಪೂರ್ತಿ ಹೊಸದೂ ಅಲ್ಲ, ಪಿಕ್ಸೆಲ್‌ವರ್ಕ್ಸ್‌ನ ಟ್ರೂಕಟ್ ಮೋಷನ್ ಅನ್ನುವ ಇಂಥದ್ದೇ ತಂತ್ರ ಬಳಸಿ 2022ರಲ್ಲಿ ‘ಅವತಾರ್’ ಮತ್ತೆ ಥಿಯೇಟರಿಗೆ ಬಂದಿತ್ತು. ಊಹಿಸುವ ಯಂತ್ರ ಅದೇ ಇದ್ದರೂ ಎಲ್ಲಿ, ಎಷ್ಟು ಅನ್ನುವುದನ್ನು ಈಗ ನಿರ್ದೇಶಕ ಮತ್ತು ಛಾಯಾಗ್ರಾಹಕರು ಹೇಳಬಹುದು. ಆ ಬೆಟ್ಟದ ಶಾಟಿಗೆ ಮಾತ್ರ ಒಂಚೂರು, ಇಬ್ಬರು ಕೂತು ಮಾತಾಡುವ ದೃಶ್ಯಕ್ಕೆ ಏನೂ ಇಲ್ಲ. ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ಬಂದ ದಾರಿಗಳಲ್ಲಿ ಇದು ಹೆಚ್ಚು ಮರ್ಯಾದೆಯದ್ದು. ಭಯ ಇರುವುದು ಹಳೆಯ ಚಿತ್ರಗಳ ಬಗ್ಗೆ. ತೆಗೆದವರು ತೀರಿಕೊಂಡಿರುವ ಸಿನಿಮಾಕ್ಕೆ ಗುರುತು ಹಾಕುವವರು ಯಾರು? ಹಕ್ಕು ಇಟ್ಟುಕೊಂಡ ಕಂಪನಿಯ ಯಾರೋ ಒಬ್ಬರು ಕೂತು, 1970ರ ದಶಕದ ಒಂದು ಕನ್ನಡ ಚಿತ್ರಕ್ಕೆ ‘ನಯ ಮಾಡು’ ಅಂತ ಒತ್ತಿದರೆ ಕೇಳುವವರು ಯಾರು?

ಅದೇನೇ ಇರಲಿ, ಮನೆಯ ಟಿವಿ ನಮ್ಮ ಕೈಯಲ್ಲೇ ಇದೆ. ಎಲ್‌ಜಿ ಇದ್ದರೆ ಟ್ರೂಮೋಷನ್, ಸ್ಯಾಮ್‌ಸಂಗ್ ಇದ್ದರೆ ಪಿಕ್ಚರ್ ಕ್ಲಾರಿಟಿ, ಸೋನಿ ಇದ್ದರೆ ಮೋಷನ್‌ಫ್ಲೋ ಹುಡುಕಿ. ಕ್ರಿಕೆಟ್‌ಗೆ ಇರಲಿ, ಸಿನಿಮಾಕ್ಕೆ ಫಿಲ್ಮ್‌ಮೇಕರ್ ಮೋಡ್ ಹಾಕಿ ಒಂದು ವಾರ ನೋಡಿ. ಮೊದಲ ದಿನ ಚಿತ್ರ ಮಂಕಾಗಿ, ಹಳದಿಯಾಗಿ ಕಾಣುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ. ಹೊಸದು ತಗೊಳ್ಳುವವರು ಅಂಗಡಿಯಲ್ಲಿ ರಿಮೋಟ್ ಕೇಳಿ ಇಸ್ಕೊಳ್ಳಿ. ಅವರ ಡೆಮೊ ವಿಡಿಯೊ ನಿಲ್ಲಿಸಿ, ನಿಮಗೆ ಗೊತ್ತಿರುವ ಸಿನಿಮಾದಲ್ಲಿ ಕ್ಯಾಮೆರಾ ನಿಧಾನವಾಗಿ ತಿರುಗುವ ಒಂದು ಶಾಟ್ ಹಾಕಿಸಿ, ಮೋಷನ್ ಆನ್ ಒಮ್ಮೆ, ಆಫ್ ಒಮ್ಮೆ ನೋಡಿ. ಕೊನೆಯಲ್ಲಿ ಹೆಸರುಗಳು ಮೇಲಕ್ಕೆ ಏರುವುದನ್ನೂ ನೋಡಿ, ಕುಲುಕಾಟ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಅಲ್ಲೇ.