ಪಾಂಡವರ ಮನೆಯ ಸುತ್ತಣ ಮಣ್ಣು

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಪುರಾತತ್ತ್ವ ಸಮೀಕ್ಷೆಗೆ ಹೋದಾಗಲೆಲ್ಲ ಹಿರಿಯರು ನನ್ನನ್ನು ಕೇಳುವುದುಂಟು: “ಸ್ವಾಮಿ, ಈ ಪಾಂಡವರ ಮನೆ ಚಪ್ಪಡಿಗಳನ್ನು ಎತ್ತಿಸಿ ದೇವಸ್ಥಾನದ ಮುಂದೆ ನಿಲ್ಲಿಸಿದರೆ ಉಳಿಯುತ್ತವಲ್ಲವೆ?” ಜನ ಪಾಂಡವರ ಮನೆ ಎನ್ನುವುದು ನಿಜವಾಗಿ ಕಲ್ಗೋರಿ, ಅಂದರೆ ಚಪ್ಪಡಿಗಳಿಂದ ಕಟ್ಟಿದ ಪ್ರಾಚೀನ ಸಮಾಧಿ. ಅವರ ಕಾಳಜಿ ದೊಡ್ಡದು. ಆದರೆ ಹಾಗೆ ಮಾಡಿದರೆ ಚಪ್ಪಡಿ ಉಳಿದೀತು, ಸಮಾಧಿ ಉಳಿಯದು.

ಬಂಗಾರಪೇಟೆ ತಾಲ್ಲೂಕಿನ ಹುನ್ಕುಂದದಂತಹ ನೆಲೆಗಳಲ್ಲಿ ಕಾಣುವ ಕಲ್ಗೋರಿಗಳು ಬೃಹತ್ ಶಿಲಾಯುಗದವು, ಅಂದರೆ ಕಬ್ಬಿಣ ಬಳಸುತ್ತಿದ್ದ ಜನ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಕಾಲದವು. ನಾಲ್ಕು ಚಪ್ಪಡಿಗಳಲ್ಲಿ ಒಂದೊಂದರ ತುದಿಯೂ ಪಕ್ಕದ್ದನ್ನು ದಾಟಿ ಮುಂಚಾಚುವಂತೆ, ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸುವ ಪದ್ಧತಿ ಆ ಕಾಲದ್ದು. ಹೊರಗಿನ ಮಣ್ಣು ಒತ್ತಿದಷ್ಟೂ ಅವು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಮೇಲೊಂದು ಮುಚ್ಚುಗಲ್ಲು, ಸುತ್ತ ಗುಂಡುಕಲ್ಲುಗಳ ವೃತ್ತ. ಒಳಗೆ ದೊರೆಯುವುದು ಸಾಮಾನ್ಯವಾಗಿ ಸತ್ತವರ ಆಯ್ದು ತಂದಿಟ್ಟ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಆಯುಧಗಳು. ನಿಧಿಗಳ್ಳರು ಇವನ್ನು ಒಡೆದು ಬಿಸಾಡಿ ಹೋಗುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಮಣ್ಣನ್ನು ಪದರ ಪದರವಾಗಿ ಬಿಡಿಸಿದ್ದರಿಂದಲೇ, ಅಲ್ಲಿ ಕಲ್ಗೋರಿ ಕಟ್ಟಿದವರು ಕಲ್ಲುಕೊಡಲಿಯ ಜನರ ನಂತರ ಬಂದವರೆಂಬುದು ತಿಳಿಯಿತು. ಆ ಸಾಕ್ಷ್ಯವಿರುವುದು ಮಣ್ಣಿನಲ್ಲಿ. ಬಂಡೆಯನ್ನು ಜೆಸಿಬಿಯಿಂದ ಎತ್ತಿದ ಕ್ಷಣದಲ್ಲಿಯೇ ಅದು ಕಲಸಿಹೋಗುತ್ತದೆ.

ಪ್ರಾಚೀನ ಸ್ಮಾರಕಗಳ ಕುರಿತ ಕೇಂದ್ರ ಸರ್ಕಾರದ 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ಕಾಮಗಾರಿಗೆ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯಕ್ಕೂ ತನ್ನದೇ ಆದ 1961ರ ಕಾಯ್ದೆಯಿದೆ. ಆದರೆ ಈ ರಕ್ಷಣೆ ಅಧಿಕೃತವಾಗಿ ಘೋಷಣೆಯಾದ ನೆಲೆಗಳಿಗೆ ಮಾತ್ರ. ರಾಗಿ ಹೊಲದ ನಡುವೆಯೋ ಗೋಮಾಳದಲ್ಲಿಯೋ ಘೋಷಣೆಯಿಲ್ಲದೆ ನಿಂತಿರುವ ಕಲ್ಗೋರಿಯ ಸುಳಿವು ಪಹಣಿಯಲ್ಲಿ ಇರುವುದಿಲ್ಲ. ನಾನು ನಕ್ಷೆ ಬರೆದುಕೊಂಡು ಬಂದಿದ್ದ ಒಂದು ಶಿಲಾವೃತ್ತ, ಮರುವರ್ಷ ಹೋಗುವಷ್ಟರಲ್ಲಿ ಹೊಲದ ಬದುವಾಗಿತ್ತು. ರೈತನನ್ನು ದೂರಲು ನನಗೆ ಮನಸ್ಸಾಗಲಿಲ್ಲ, ಅದು ಏನೆಂದು ಆತನಿಗೆ ಯಾರೂ ಹೇಳಿರಲಿಲ್ಲ; ನಾನೂ ಹೇಳಿರಲಿಲ್ಲ.

ಆದ್ದರಿಂದ ನಿಮ್ಮೂರಿನಲ್ಲಿ ಇಂತಹ ಕಲ್ಗೋರಿ ಇದ್ದರೆ ಕಲ್ಲುಗಳನ್ನು ಕದಲಿಸಬೇಡಿ, ಒಳಗಿನ ಮಣ್ಣನ್ನು ಬಗೆಯಬೇಡಿ, ಭಕ್ತಿಯಿಂದಲೂ ಸುಣ್ಣ ಬಳಿಯಬೇಡಿ. ಅಳತೆಗೋಲನ್ನು ಪಕ್ಕದಲ್ಲಿಟ್ಟು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು, ಸರ್ವೆ ನಂಬರಿನೊಂದಿಗೆ ತಹಶೀಲ್ದಾರರಿಗೂ ರಾಜ್ಯ ಪುರಾತತ್ತ್ವ ಇಲಾಖೆಗೂ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಗೋಮಾಳವಾಗಿದ್ದರೆ ತಡಮಾಡಬೇಡಿ: ಕಲ್ಲುಗಣಿಯ ಗುತ್ತಿಗೆಗೆ ಅರ್ಜಿ ಬರುವ ಮೊದಲೇ ಆ ಮನವಿ ಕಡತದಲ್ಲಿರಬೇಕು.