ದೇವರ ಕರೆ: ಕ್ರೈಸ್ತರು ಈ ಮಾತನ್ನು ಯಾವ ಅರ್ಥದಲ್ಲಿ ಆಡುತ್ತಾರೆ?

ಕ್ರೈಸ್ತರ ನಡುವೆ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಅವರಿಗೆ ಕರೆ ಇದೆ.’ ‘ನನ್ನ ಕರೆ ಏನು ಅಂತ ಇನ್ನೂ ಗೊತ್ತಾಗಿಲ್ಲ.’ ‘ಕರೆ ಇಲ್ಲದೆ ಸೇವೆಗೆ ಇಳೀಬಾರದು.’ ಕಥೋಲಿಕರು ‘ದೈವಕರೆ’ ಅನ್ನುತ್ತಾರೆ. ಹೊರಗಿನವರಿಗೆ ಇದು ಯಾವುದೋ ಆಕಾಶವಾಣಿಯ ಸಂಗತಿ ಅನ್ನಿಸಬಹುದು. ಒಳಗಿರುವ ಎಷ್ಟೋ ಜನರಿಗೂ ಹಾಗೇ ಅನ್ನಿಸುತ್ತದೆ. ತೊಂದರೆ ಇರುವುದೇ ಇಲ್ಲಿ. ದನಿ ಕೇಳಿಸಲಿಲ್ಲ, ಕನಸು ಬೀಳಲಿಲ್ಲ, ಹಾಗಾದರೆ ನನಗೆ ಕರೆಯೇ ಇಲ್ಲ ಅಂದುಕೊಂಡು ಸುಮ್ನೆ ಕೂತವರು ಕಡಿಮೆಯಿಲ್ಲ.

ಚಿಕ್ಕದಾಗಿ ಹೇಳುವುದಾದರೆ, ದೇವರು ಮನುಷ್ಯನನ್ನು ತನ್ನ ಹತ್ತಿರಕ್ಕೆ ಕರೆಯುತ್ತಾನೆ, ಆಮೇಲೆ ಇನ್ನೊಬ್ಬರ ಒಳಿತಿಗಾಗಿ ಕಳುಹಿಸುತ್ತಾನೆ ಅನ್ನುವ ನಂಬಿಕೆ ಇದು. ಬರುವುದು ಮೊದಲು, ಹೋಗುವುದು ಆಮೇಲೆ. ಯೇಸುವಿನ ಜೀವನ ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಯೇಸು ಹನ್ನೆರಡು ಶಿಷ್ಯರನ್ನು ಆರಿಸಿಕೊಂಡ ವಿಷಯ ಬರುತ್ತದೆ. ಯಾತಕ್ಕೆ ಆರಿಸಿದ ಅಂತಲೂ ಅಲ್ಲೇ ಹೇಳಿದೆ. ಅವರು ತನ್ನ ಜೊತೆ ಇರಬೇಕು, ಮತ್ತು ಅವರನ್ನು ಸಾರುವುದಕ್ಕೆ ಕಳುಹಿಸಬೇಕು. ಜೀವನದ ಗುರಿ ಹುಡುಕುವವರು ಸಾಮಾನ್ಯವಾಗಿ ಎರಡನೆಯದನ್ನೇ ಮೊದಲು ಕೇಳುತ್ತಾರೆ. ‘ನಾನು ಏನು ಮಾಡಬೇಕು?’ ಕ್ರೈಸ್ತ ನಂಬಿಕೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇಡುತ್ತದೆ: ‘ನಾನು ಯಾರವನು?’

ಹಾಗಾಗಿ ಬೋಧಕರು ಕರೆಯನ್ನು ಎರಡಾಗಿ ವಿಂಗಡಿಸಿ ಹೇಳುವುದುಂಟು. ಒಂದು, ಎಲ್ಲರಿಗೂ ಇರುವ ಕರೆ. ನಂಬುವುದು, ಪ್ರೀತಿಸುವುದು, ನ್ಯಾಯವಾಗಿ ನಡೆಯುವುದು, ಕ್ಷಮಿಸುವುದು. ಇನ್ನೊಂದು, ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಬರುವ ಕರೆ. ಒಬ್ಬರು ಪಾದ್ರಿ, ಒಬ್ಬರು ನರ್ಸು, ಒಬ್ಬರು ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುವ ಮಗಳು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಪತ್ರಗಳಲ್ಲಿ ‘ಕರೆಯಲ್ಪಟ್ಟವರು’ ಎಂದು ಬಂದಾಗ ಬಹುಪಾಲು ಮೊದಲನೆಯ ಅರ್ಥವೇ. ಅಂದರೆ ‘ನನಗೆ ಕರೆ ಇದೆಯಾ?’ ಎಂದು ತಲೆ ಕೆಡಿಸಿಕೊಂಡಿರುವವರಿಗೆ ಮುಕ್ಕಾಲು ಪಾಲು ಉತ್ತರ ಆಗಲೇ ಸಿಕ್ಕಿಬಿಟ್ಟಿದೆ. ಉಳಿದ ಕಾಲು ಪಾಲಿಗೇ ಇಷ್ಟೆಲ್ಲ ಚರ್ಚೆ.

ಆ ಕಾಲು ಪಾಲೂ ಬೈಬಲಿನಲ್ಲಿ ಅಷ್ಟು ನಿಚ್ಚಳವಾಗಿ ಬರುವುದಿಲ್ಲ. ಹುಡುಗ ಸಮುವೇಲನ ಕಥೆ ನೋಡಿ. ರಾತ್ರಿ, ದೇವಾಲಯದ ದೀಪ ಇನ್ನೂ ಆರಿಲ್ಲ. ಹೆಸರು ಹಿಡಿದು ಕರೆದದ್ದು ಕೇಳಿ ಹುಡುಗ ಎದ್ದು ಓಡುತ್ತಾನೆ. ಎಲ್ಲಿಗೆ? ಕಣ್ಣು ಮಬ್ಬಾದ ಮುದುಕ ಯಾಜಕ ಏಲಿಯ ಹತ್ತಿರಕ್ಕೆ. ‘ಕರೆದಿರಲ್ಲ, ಇಗೋ ಬಂದೆ.’ ‘ನಾನು ಕರೆಯಲಿಲ್ಲ, ಹೋಗಿ ಮಲಗು.’ ಹೀಗೆ ಮೂರು ಸಲ. ಮೂರನೇ ಸಲಕ್ಕೆ ಏಲಿಗೆ ಹೊಳೆಯುತ್ತದೆ, ಇದು ದೇವರ ದನಿ ಅಂತ. ಮತ್ತೆ ಕರೆದರೆ ‘ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಿದ್ದಾನೆ’ ಅನ್ನು ಎಂದು ಹೇಳಿಕೊಟ್ಟವನೂ ಅವನೇ. ದನಿ ಕೇಳಿಸಿದ್ದು ಹುಡುಗನಿಗೆ, ಅದು ಯಾರ ದನಿ ಎಂದು ತಿಳಿದದ್ದು ಹಿರಿಯನಿಗೆ. ಆ ಏಲಿಯೂ ತನ್ನ ಮಕ್ಕಳನ್ನೇ ಹದ್ದುಬಸ್ತಿನಲ್ಲಿ ಇಡಲಾಗದ ಮನುಷ್ಯ. ಕರೆಯನ್ನು ಒಬ್ಬಂಟಿಯಾಗಿ ಗುರುತಿಸುವುದು ಕಷ್ಟ, ಗುರುತಿಸಲು ನೆರವಾಗುವವರು ಪರಿಪೂರ್ಣರಾಗಿರಬೇಕು ಅಂತಲೂ ಇಲ್ಲ.

ಇನ್ನು ಕರೆ ಅಂದರೆ ಪಾದ್ರಿ ಕೆಲಸ, ಸನ್ಯಾಸ, ಪೂರ್ಣಾವಧಿ ಸೇವೆ ಮಾತ್ರ ಅನ್ನುವ ಗಟ್ಟಿ ನಂಬಿಕೆ ಇದೆಯಲ್ಲ, ಅದರ ಬಗ್ಗೆ. ಬೈಬಲಿನಲ್ಲಿ ಇಂಥವನಲ್ಲಿ ದೇವರ ಆತ್ಮ ತುಂಬಿತು ಎಂದು ಮೊದಮೊದಲು ಹೇಳಿರುವುದು ಯಾರ ಬಗ್ಗೆ ಗೊತ್ತಾ? ವಿಮೋಚನಾಕಾಂಡದ 31ನೇ ಅಧ್ಯಾಯದ ಬೆಚಲೇಲನ ಬಗ್ಗೆ. ಅವನು ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ, ಕುಶಲಕರ್ಮಿ. ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ರತ್ನ ಕೆತ್ತುವುದು, ಮರಗೆಲಸ, ಇದಕ್ಕೆಲ್ಲ ಬೇಕಾದ ಜಾಣ್ಮೆಯನ್ನು ದೇವರೇ ಅವನಿಗೆ ಕೊಟ್ಟನು ಎನ್ನುತ್ತದೆ ಆ ಭಾಗ. ಊರೂರಿಗೆ ಹೋಗಿ ಕ್ರಿಸ್ತನನ್ನು ಸಾರಿದ, ಹೊಸ ಒಡಂಬಡಿಕೆಯ ಹಲವು ಪತ್ರಗಳನ್ನು ಬರೆದ ಪೌಲ, ಗ್ರೀಸಿನ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಇದ್ದು ಗುಡಾರ ಮಾಡುವ ಕಸುಬು ಮಾಡುತ್ತಿದ್ದ. ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನು, ಹೊದಿಕೆಗಳನ್ನು. ಅವಳು ಮಾಡಿದ ಒಂದು ಉಪದೇಶವೂ ದಾಖಲಾಗಿಲ್ಲ.

ಆದರೂ ಯುರೋಪಿನ ಮಧ್ಯಯುಗದಲ್ಲಿ ದೇವರ ಕರೆ ಅಂದರೆ ಮಠ ಸೇರುವುದು ಅಥವಾ ಗುರುದೀಕ್ಷೆ ಪಡೆದು ಪಾದ್ರಿಯಾಗುವುದು ಅಂತಾಗಿಬಿಟ್ಟಿತ್ತು. ಮುಂದೆ ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಕೂಡ ಮಠ ಸೇರಿದ್ದು ಹಾಗೇ. 1505ರಲ್ಲಿ ದಾರಿ ನಡುವೆ ಸಿಡಿಲಿಗೆ ಹೆದರಿ ಹರಕೆ ಹೊತ್ತು ಸನ್ಯಾಸಿಯಾದರು. ಮುಂದೆ ಅದೇ ಲೂಥರ್, ದಿನನಿತ್ಯದ ಕೆಲಸವೂ ಕರೆಯೇ ಎಂದು ವಾದಿಸಿದರು. 1522ರಲ್ಲಿ ಮದುವೆಯ ಬಗ್ಗೆ ಬರೆಯುವಾಗ ಮಗುವಿನ ಹೊಲಸು ಬಟ್ಟೆ ಒಗೆಯುವ ಅಪ್ಪನ ಉದಾಹರಣೆ ಕೊಡುತ್ತಾರೆ. ಜನ ಅವನನ್ನು ನೋಡಿ ನಗಬಹುದು, ಆದರೆ ಅವನು ಅದನ್ನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರು ತನ್ನ ದೂತರೊಡನೆ ಸಂತೋಷದಿಂದ ನಗುತ್ತಾನೆ ಎನ್ನುತ್ತಾರೆ. ಆಗ ಲೂಥರರಿಗೆ ಇನ್ನೂ ಮದುವೆಯಾಗಿರಲಿಲ್ಲ ಅನ್ನುವುದು ಬೇರೆ ಮಾತು. ಕಥೋಲಿಕ ಸಭೆಯೂ (ಸಭೆ ಅಂದರೆ ಚರ್ಚು) ತನ್ನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1964ರಲ್ಲಿ, ಪವಿತ್ರ ಜೀವನದ ಕರೆ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಮಾತ್ರ ಮೀಸಲಲ್ಲ, ಎಲ್ಲರಿಗೂ ಇದೆ ಎಂದು ಸ್ಪಷ್ಟವಾಗಿ ಬರೆದಿಟ್ಟಿತು.

ಬರೆದದ್ದೇನೋ ಆಯಿತು. ಆದರೆ ಇವತ್ತಿಗೂ ಸಭೆಗಳಲ್ಲಿ ‘ಕೆಲಸ ಬಿಟ್ಟು ಸೇವೆಗೆ ಬಂದರು’ ಅಂದಾಗ ಬೀಳುವ ಚಪ್ಪಾಳೆ, ‘ಕೆಲಸದಲ್ಲೇ ಪ್ರಾಮಾಣಿಕವಾಗಿ ಉಳಿದರು’ ಅಂದಾಗ ಬೀಳುವುದಿಲ್ಲ. ವಿಲಿಯಂ ವಿಲ್ಬರ್‌ಫೋರ್ಸ್ ಅವರೂ ಈ ಗೊಂದಲದಲ್ಲಿ ಸಿಕ್ಕಿಕೊಂಡಿದ್ದರು. ಬ್ರಿಟನ್ನಿನ ಸಂಸತ್ ಸದಸ್ಯ. 1785ರಲ್ಲಿ ನಂಬಿಕೆ ಗಟ್ಟಿಯಾದಾಗ ರಾಜಕೀಯ ಬಿಡಬೇಕಾ ಎಂಬ ಯೋಚನೆ ಬಂತು. ಒಂದು ಕಾಲದಲ್ಲಿ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನರಾಗಿದ್ದು, ಆಮೇಲೆ ಪಾದ್ರಿಯಾದ ಜಾನ್ ನ್ಯೂಟನ್ ಅವರನ್ನು ಹೋಗಿ ಕೇಳಿದರು. ಇದ್ದ ಜಾಗದಲ್ಲೇ ಇರಿ ಎಂದರು ನ್ಯೂಟನ್. ವಿಲ್ಬರ್‌ಫೋರ್ಸ್ ಉಳಿದರು. ವರ್ಷಗಟ್ಟಲೆ ಸೋತು, ಮತ್ತೆ ಮತ್ತೆ ಮಸೂದೆ ತಂದ ಮೇಲೆ 1807ರಲ್ಲಿ ಗುಲಾಮರ ವ್ಯಾಪಾರ ನಿಷೇಧವಾಯಿತು. ಗುಲಾಮಗಿರಿಯನ್ನೇ ತೆಗೆದುಹಾಕುವ ಮಸೂದೆಗೆ ಕೆಳಮನೆಯಲ್ಲಿ ಗೆಲುವು ಖಚಿತವಾದ ಸುದ್ದಿ ಕೇಳಿ ಮೂರು ದಿನಕ್ಕೆ, 1833ರ ಜುಲೈ 29ರಂದು ತೀರಿಕೊಂಡರು.

‘ಇದ್ದಲ್ಲೇ ಇರು’ ಅನ್ನುವ ಮಾತಿಗೆ ಒಂದು ಕೆಟ್ಟ ಚರಿತ್ರೆಯೂ ಇದೆ. ಅದನ್ನು ಮುಚ್ಚಿಡಬಾರದು. ಯಾವ ಸ್ಥಿತಿಯಲ್ಲಿ ಕರೆ ಬಂತೋ ಅದರಲ್ಲೇ ಇರಲಿ ಎಂದು ಪೌಲ ಕೊರಿಂಥದವರಿಗೆ ಬರೆದದ್ದನ್ನು ಹಿಡಿದುಕೊಂಡು, ಗುಲಾಮರಿಗೆ ‘ಇದೇ ನಿನ್ನ ಕರೆ, ಸಹಿಸಿಕೋ’ ಎಂದವರಿದ್ದಾರೆ. ಬಿಡುಗಡೆಯ ಅವಕಾಶ ಸಿಕ್ಕರೆ ಅದನ್ನು ಬಳಸಿಕೋ ಎಂದು ಮುಂದಿನ ವಚನದಲ್ಲೇ ಇದೆ. ಅದನ್ನು ಓದಲಿಲ್ಲ, ಅಥವಾ ಓದಿಯೂ ಬಿಟ್ಟರು. ಈಗಲೂ ಇದರ ಸಣ್ಣ ರೂಪಗಳು ಕಾಣುತ್ತವೆ. ‘ಇದು ನಿಮ್ಮ ಕರೆ ಅಲ್ವಾ, ಸಂಬಳದ ಮಾತು ಯಾಕೆ?’ ಎಂದು ಕೇಳುವವರು ಇದ್ದಾರೆ. ಕೆಲಸದವನು ಕೂಲಿಗೆ ಯೋಗ್ಯನು ಎಂದದ್ದು ಯೇಸುವೇ. ಇನ್ನೊಬ್ಬರ ಕರೆ ಏನು ಎಂದು ನಾವು ಘೋಷಿಸಿ, ಅದರಿಂದ ನಮಗೇ ಲಾಭವಾಗುತ್ತಿದ್ದರೆ, ಅಲ್ಲಿ ಏನೋ ಸರಿಯಿಲ್ಲ ಎಂದೇ ಲೆಕ್ಕ.

ಈಗ ಉಲ್ಟಾ ತಪ್ಪಿಗೆ ಬರೋಣ. ಇದು ನಮ್ಮ ಕಾಲದ್ದು. ನನಗೆ ಇಷ್ಟವಾದದ್ದೇ ನನ್ನ ಕರೆ, ನಾನು ಚೆನ್ನಾಗಿ ಮಾಡಬಲ್ಲದ್ದೇ ನನ್ನ ಗುರಿ ಅನ್ನುವುದು. ಇಷ್ಟ, ಪ್ರತಿಭೆ ಎರಡೂ ಲೆಕ್ಕಕ್ಕಿಲ್ಲ ಅಂತಲ್ಲ. ಕೃಪಾವರಗಳು, ಅಂದರೆ ದೇವರು ಕೊಟ್ಟ ಸಾಮರ್ಥ್ಯಗಳು, ಬೇರೆ ಬೇರೆ, ದೇಹದ ಅಂಗಗಳ ಹಾಗೆ ಒಂದೊಂದಕ್ಕೂ ಅದರದೇ ಕೆಲಸ ಎಂದು ಪೌಲ ವಿವರವಾಗಿ ಬರೆದಿದ್ದಾನೆ. ಆದರೆ ವರ ಕೊಟ್ಟಿರುವುದು ‘ಎಲ್ಲರ ಪ್ರಯೋಜನಕ್ಕಾಗಿ’ ಅನ್ನುವ ಮಾತೂ ಅಲ್ಲೇ ಇದೆ. ಮೋಶೆಯ ಕಥೆಯಲ್ಲಿ ಪ್ರತಿಭೆಯ ಪಟ್ಟಿ ಕೊನೆಗೂ ಬರುವುದೇ ಇಲ್ಲ. ಮಾವನ ಕುರಿ ಮೇಯಿಸುತ್ತಿದ್ದವನನ್ನು ಈಜಿಪ್ಟಿನಲ್ಲಿ ದಾಸರಾಗಿದ್ದ ಇಸ್ರಾಯೇಲರನ್ನು ಬಿಡಿಸಿಕೊಂಡು ಬಾ ಎಂದು ಉರಿಯುವ ಪೊದೆಯಿಂದ ದೇವರು ಕರೆದಾಗ ಅವನು ಕೇಳಿದ್ದು ‘ನಾನು ಎಷ್ಟರವನು?’ ಎಂದು. ಇವತ್ತಿನವರಾಗಿದ್ದರೆ ‘ನಿನ್ನಲ್ಲಿ ಅಪಾರ ಶಕ್ತಿ ಇದೆ, ನಿನ್ನನ್ನು ನೀನು ನಂಬು’ ಎಂದು ಬೆನ್ನು ತಟ್ಟುತ್ತಿದ್ದರು. ದೇವರು ಕೊಟ್ಟ ಉತ್ತರ ಅದಲ್ಲ: ‘ನಾನೇ ನಿನ್ನ ಸಂಗಡ ಇರುವೆನು.’ ಮಾತು ಸರಿಯಾಗಿ ಬರುವುದಿಲ್ಲ ಎಂದು ಮೋಶೆ ತಪ್ಪಿಸಿಕೊಳ್ಳಲು ನೋಡುತ್ತಾನೆ. ಕೊನೆಗೆ ಬೇರೆ ಯಾರನ್ನಾದರೂ ಕಳುಹಿಸು ಎಂದೂ ಹೇಳಿ ನೋಡುತ್ತಾನೆ. ಮಾತಿಗೆ ಅಣ್ಣ ಆರೋನನನ್ನು ಜೊತೆಗೆ ಕೊಟ್ಟದ್ದಾಯಿತು, ಹೋಗುವುದು ಮಾತ್ರ ತಪ್ಪಲಿಲ್ಲ.

ಹಾಗಾದರೆ ಕರೆ ಎಲ್ಲಿಂದ ಕೇಳಿಸುತ್ತದೆ? ನನ್ನ ಮಟ್ಟಿಗೆ, ಬಹಳ ಸಲ ಇನ್ನೊಬ್ಬರ ಕಷ್ಟದಿಂದಲೇ. ಐಡಾ ಸ್ಕಡರ್ ಅವರ ಜೀವನದಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗಿದೆ. 1870ರಲ್ಲಿ ಭಾರತದಲ್ಲೇ ಹುಟ್ಟಿದವರು, ಅಮೆರಿಕದ ಮಿಷನರಿ ಮನೆತನ. ಆದರೆ ತಾನು ಮಾತ್ರ ಮಿಷನರಿಯಾಗುವುದಿಲ್ಲ ಎಂದು ತೀರ್ಮಾನಿಸಿದ್ದ ಹುಡುಗಿ. ಕಾಯಿಲೆ ಬಿದ್ದ ತಾಯಿಗೆ ನೆರವಾಗಲು ತಮಿಳುನಾಡಿಗೆ ಬಂದಿದ್ದಾಗ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಾಗಿಲಿಗೆ ಬಂದರು. ಮೂವರದೂ ಒಂದೇ ಮಾತು: ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬನ್ನಿ. ನಾನು ಡಾಕ್ಟರ್ ಅಲ್ಲ, ನನ್ನ ತಂದೆ ಡಾಕ್ಟರ್, ಅವರನ್ನು ಕರೆದುಕೊಂಡು ಹೋಗಿ ಎಂದರು ಐಡಾ. ಪರಗಂಡಸು ಹೆಂಗಸಿನ ಹೆರಿಗೆ ನೋಡುವುದು ಆ ಮನೆಗಳಲ್ಲಿ ಆಗದ ಮಾತು. ಮೂವರೂ ವಾಪಸ್ ಹೋದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು.

ಐಡಾ ಅಮೆರಿಕಕ್ಕೆ ಮರಳಿ ವೈದ್ಯಕೀಯ ಓದಿದರು. 1899ರಲ್ಲಿ ಪದವಿ, 1900ರಲ್ಲಿ ವಾಪಸ್. ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಶುರುವಾದ ದವಾಖಾನೆ ಅವರದು. 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು. ಇವತ್ತಿನ ವೆಲ್ಲೂರು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬೆಳೆದದ್ದು ಇದರಿಂದಲೇ. ಆ ರಾತ್ರಿ ಅವರಿಗೆ ಆಕಾಶದಿಂದ ಯಾವ ದನಿಯೂ ಬಂದಿರಲಿಲ್ಲ, ಬಾಗಿಲಲ್ಲಿ ನಿಂತ ಮೂವರ ದನಿ ಬಂದಿತ್ತು. ಅದನ್ನೇ ಅವರು ದೇವರ ಕರೆ ಎಂದು ತಿಳಿದರು. ಸಭೆಗಳಲ್ಲಿ ‘ಆ ಜನರ ಬಗ್ಗೆ ನನಗೆ ಭಾರ ಇದೆ’ ಅನ್ನುತ್ತಾರಲ್ಲ, ಆ ಭಾರ ಅಂದರೆ ಇದೇ.

ಆದರೆ ಕಂಡ ಕಷ್ಟವೆಲ್ಲ ನನ್ನ ಕರೆ ಅಂದುಕೊಂಡರೆ ವಾರದೊಳಗೆ ಸುಸ್ತಾಗಿ ಬೀಳುತ್ತೇವೆ. ಆರಿಸಿಕೊಳ್ಳಲೇಬೇಕು. ಇದಕ್ಕೆ ಹಳೆಯ ಒಂದು ದಾರಿ ಇದೆ. 1521ರಲ್ಲಿ ಇಗ್ನೇಷಿಯಸ್ ಲೊಯೋಲಾ ಎಂಬ ಸೈನಿಕನ ಕಾಲಿಗೆ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಡಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಕಥೆ ಕೇಳಿದರೆ ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಕಥೆಗಳು ಮಾತ್ರ. ಮಲಗಿದಲ್ಲೇ ಎರಡು ಬಗೆಯ ಹಗಲುಗನಸು ಕಾಣುತ್ತಿದ್ದ. ಒಂದರಲ್ಲಿ ದೊಡ್ಡ ಮನೆತನದ ಹೆಣ್ಣಿಗಾಗಿ ಸಾಹಸ ಮಾಡುವುದು, ಇನ್ನೊಂದರಲ್ಲಿ ಸಂತರ ಹಾಗೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವುದು. ಕಾಣುವಾಗ ಎರಡೂ ಖುಷಿ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು, ಎರಡನೆಯದರ ಸಂತೋಷ ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದೇ ಅವರ ವಿವೇಚನೆಯ ಪಾಠಕ್ಕೆ ಬುನಾದಿ. ಒಂದು ಯೋಚನೆ ಬಂದಾಗಿನ ಉತ್ಸಾಹಕ್ಕಿಂತ, ಅದು ಹೋದ ಮೇಲೆ ಏನು ಉಳಿಯುತ್ತದೆ ನೋಡಬೇಕು. ಅವರ ಇನ್ನೊಂದು ನಿಯಮ ನನಗೆ ಇನ್ನೂ ಜಾಸ್ತಿ ಇಷ್ಟ: ಮನಸ್ಸು ಕುಗ್ಗಿದಾಗ ಹಳೆಯ ನಿರ್ಧಾರ ಬದಲಿಸಬಾರದು.

ಕರೆ ಗುರುತಿಸುವ ಎರಡನೆಯ ದಾರಿ ಸಭೆಯ ಮಾತು. ಅಂತಿಯೋಕ್ಯದಲ್ಲಿ ಬಾರ್ನಬ, ಸೌಲ (ಪೌಲನ ಇನ್ನೊಂದು ಹೆಸರು) ಇಬ್ಬರನ್ನೂ ಪ್ರತ್ಯೇಕಿಸಿ ಕಳುಹಿಸಬೇಕೆಂಬುದು ತಿಳಿದದ್ದು ಹಲವರು ಸೇರಿ ಉಪವಾಸ, ಆರಾಧನೆಯಲ್ಲಿದ್ದಾಗ. ಇಂಥ ಕೆಲಸಕ್ಕೆ ಇವರು ಆಗುತ್ತಾರೆ ಎಂದು ನಾಲ್ಕು ಜನ ಬಲ್ಲವರು ಹೇಳಿದರೆ ಅದಕ್ಕೆ ಬೆಲೆ ಇದೆ. ಬೇಡ ಎಂದರೂ ಇದೆ. ಮೂರನೆಯದು ಬಾಗಿಲುಗಳು. ಅದೇ ಪೌಲ ಬಿಥೂನ್ಯಕ್ಕೆ ಹೋಗಲು ಹೊರಟ, ಆಗಲಿಲ್ಲ. ಆಮೇಲೆ ಮಕೆದೋನ್ಯದ ದಾರಿ ತೆರೆಯಿತು. ಅವನು ಕೂತು ಕಾಯುತ್ತಿರಲಿಲ್ಲ, ನಡೆಯುತ್ತಿದ್ದ ಅನ್ನುವುದನ್ನು ನೆನಪಿಡಬೇಕು. ಕರೆ ಗೊತ್ತಾದ ಮೇಲೆ ಸೇವೆ ಶುರು ಮಾಡುತ್ತೇನೆ ಅನ್ನುವವರಿಗಿಂತ, ಕೈಗೆ ಸಿಕ್ಕ ಸೇವೆ ಮಾಡುತ್ತಿರುವವರಿಗೇ ಕರೆ ಬೇಗ ತಿಳಿಯುತ್ತದೆ.

ಕೊನೆಗೆ ತುಂಬ ಜನರನ್ನು ಕಾಡುವ ಭಯ ಒಂದಿದೆ. ಕರೆ ಬಂದಿತ್ತು, ನಾನೇ ತಪ್ಪಿಸಿಕೊಂಡೆ, ಈಗ ತಡವಾಯಿತಾ? ನಿನೆವೆಗೆ ಹೋಗು ಎಂದರೆ ಉಲ್ಟಾ ದಿಕ್ಕಿನ ತಾರ್ಷೀಷಿಗೆ ಹಡಗು ಹತ್ತಿದ ಪ್ರವಾದಿ ಯೋನನಿಗೆ ಎರಡನೇ ಸಲವೂ ಅದೇ ಅಪ್ಪಣೆ ಬಂತು. ಮಾರ್ಕ ಎನಿಸಿಕೊಂಡ ಯೋಹಾನ ಪೌಲನ ಮೊದಲ ಪ್ರವಾಸದ ನಡುವೆಯೇ ಬಿಟ್ಟು ಮನೆಗೆ ಹೋದ. ಮುಂದಿನ ಸಲ ಅವನನ್ನು ಕರೆದುಕೊಂಡು ಹೋಗುವ ಮಾತು ಬಂದಾಗ ಪೌಲ ಖಡಾಖಂಡಿತವಾಗಿ ಬೇಡ ಎಂದ. ಈ ಜಗಳದಲ್ಲಿ ಪೌಲ, ಬಾರ್ನಬರೇ ಬೇರೆಯಾದರು. ಬಾರ್ನಬ ಮಾರ್ಕನನ್ನು ತನ್ನ ಜೊತೆ ಕರೆದುಕೊಂಡು ಸೈಪ್ರಸ್‌ಗೆ ಹೊರಟ. ವರ್ಷಗಳ ಮೇಲೆ, ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಸೆರೆಯಲ್ಲಿರುವ ಪೌಲ ಹೇಳಿಕಳುಹಿಸುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಸೇವೆಯಲ್ಲಿ ಅವನಿಂದ ನನಗೆ ಪ್ರಯೋಜನವಿದೆ. ಮಾರ್ಕನ ಸುವಾರ್ತೆ ಬರೆದವನು ಈ ಮಾರ್ಕನೇ ಎಂದು ಸಭೆಯ ಪರಂಪರೆ ಹೇಳುತ್ತದೆ.