ಪದ ಪರಿಚಯ: ಆಟೋಲ್ಯೂಬ್

ಟೂ-ಸ್ಟ್ರೋಕ್ ಎಂಜಿನ್‌ಗೆ ಬೇಕಾದ ಟೂಟಿ ಆಯಿಲನ್ನು ಬೇರೆ ಟ್ಯಾಂಕ್‌ನಿಂದ ಎಳೆದು, ಅಳತೆ ನೋಡಿ ಒಳಗೆ ಬಿಡುವ ವ್ಯವಸ್ಥೆಯೇ ಆಟೋಲ್ಯೂಬ್. ಯಮಹಾ ಕಂಪನಿ 1964ರಲ್ಲಿ ವೈಎ-6 ಬೈಕಿನ ಜೊತೆ ಈ ಹೆಸರನ್ನು ತಂದಿತು. ಗ್ಯಾರೇಜಿನಲ್ಲಿ ಕೇಳಿದರೆ ಎಲ್ಲರೂ ಸುಮ್ನೆ ‘ಆಯಿಲ್ ಪಂಪ್’ ಅನ್ನುತ್ತಾರೆ. ಚೇತಕ್ ಇದ್ದವರು ಬಂಕ್‌ನಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಹಾಕಿಸುತ್ತಿದ್ದ ಕಾಲದಲ್ಲಿ, 1984ರಲ್ಲಿ ಬಂದ ಕೈನೆಟಿಕ್ ಹೋಂಡಾಗೆ ಆ ಕೆಲಸವೇ ಇರಲಿಲ್ಲ. ಅದಕ್ಕೆ ಆಯಿಲ್ ಟ್ಯಾಂಕ್ ಬೇರೆಯೇ ಇತ್ತು.

ಇಷ್ಟೆಲ್ಲ ಯಾಕೆ ಬೇಕು? ಫೋರ್-ಸ್ಟ್ರೋಕ್ ಎಂಜಿನ್‌ನ ತಳದಲ್ಲಿ ಆಯಿಲ್ ನಿಂತಿರುತ್ತದೆ, ಮತ್ತೆ ಮತ್ತೆ ಸುತ್ತುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆ ಜಾಗದಿಂದಲೇ ಪೆಟ್ರೋಲ್ ಮತ್ತು ಗಾಳಿ ಹಾದುಹೋಗಬೇಕು. ಹಾಗಾಗಿ ಅಲ್ಲಿ ಆಯಿಲ್ ನಿಲ್ಲಿಸಲು ಆಗುವುದಿಲ್ಲ. ಪೆಟ್ರೋಲ್ ಜೊತೆ ಬಂದ ಆಯಿಲ್ ಬೇರಿಂಗ್, ಕನೆಕ್ಟಿಂಗ್ ರಾಡ್, ಪಿಸ್ಟನ್, ಅದು ಓಡಾಡುವ ಕೊಳವೆಯಾದ ಬೋರ್ ಎಲ್ಲವನ್ನೂ ನೆನೆಸಿ, ಕೊನೆಗೆ ಸುಟ್ಟು ಹೊಗೆಯಾಗಿ ಹೋಗುತ್ತದೆ. ಪ್ರತಿ ಕ್ಷಣವೂ ಹೊಸ ಆಯಿಲ್ ಬರುತ್ತಲೇ ಇರಬೇಕು. ನಿಂತರೆ ಪಿಸ್ಟನ್ ಬೋರ್‌ಗೆ ಕಚ್ಚಿಕೊಳ್ಳುತ್ತದೆ. ಸೀಜ್ ಆಗುವುದು ಅಂದರೆ ಇದೇ.

ಈ ಪಂಪನ್ನು ತಿರುಗಿಸುವುದು ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಎಂಜಿನ್‌ನ ಮುಖ್ಯ ಶಾಫ್ಟ್. ಎಂಜಿನ್ ವೇಗ ಹೆಚ್ಚಿದರೆ ಆಯಿಲ್ ಜಾಸ್ತಿ. ಹಲವು ಪಂಪ್‌ಗಳಿಗೆ ಆಕ್ಸಿಲರೇಟರ್ ಕೇಬಲ್‌ನ ಒಂದು ಕವಲೂ ಇರುತ್ತದೆ, ಕೈ ತಿರುಗಿಸಿದಷ್ಟೂ ಪಂಪ್‌ನ ಲಿವರ್ ತೆರೆಯುತ್ತದೆ. ಘಾಟಿ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಆಯಿಲ್ ಬೆರೆಸಿ ಓಡಿಸುವ ಗಾಡಿಯಲ್ಲಿ ಆಗುಂಬೆಯ ತಿರುವುಗಳನ್ನು ಆಕ್ಸಿಲರೇಟರ್ ಮುಚ್ಚಿಕೊಂಡೇ ಇಳಿದರೆ ಪೆಟ್ರೋಲ್ ಕಡಿಮೆ, ಅದರ ಜೊತೆ ಆಯಿಲೂ ಕಡಿಮೆ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಪಂಪ್ ಇದ್ದರೆ ಆಗಲೂ ಅಷ್ಟಿಷ್ಟು ಆಯಿಲ್ ತಳ್ಳುತ್ತಿರುತ್ತದೆ.

ಆದರೂ ಹಳೇ ಸ್ಕೂಟರ್ ತೆಗೆದುಕೊಂಡು ಹೋದರೆ ಎಷ್ಟೋ ಕಡೆ ಮೊದಲ ಸಲಹೆಯೇ ‘ಪಂಪ್ ಕ್ಯಾನ್ಸಲ್ ಮಾಡಿಸಿ’ ಎಂಬುದು, ಅಂದರೆ ಪಂಪ್ ಬಿಟ್ಟು ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಓಡಿಸಿ ಎಂದು. ನನಗೆ ಇದು ಒಪ್ಪಿಗೆಯಿಲ್ಲ. ಆಯಿಲ್ ಬರುತ್ತಿಲ್ಲ ಅಂದ ಮಾತ್ರಕ್ಕೆ ಪಂಪ್ ಹೋಗಿದೆ ಎಂದರ್ಥವಲ್ಲ. ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ದಾರಿ ಪೂರ್ತಿ ನೋಡಬೇಕು.

ಮೊದಲು ಒಂದು ಮಾತು. ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ನಂಬಿ ಕೂರಬೇಡಿ. ಅದು ಹೇಳುವುದು ಟ್ಯಾಂಕ್‌ನಲ್ಲಿ ಆಯಿಲ್ ಎಷ್ಟಿದೆ ಎಂದಷ್ಟೇ. ಎಂಜಿನ್‌ಗೆ ಹೋಗುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಸಾವಿರ ಕಿಲೋಮೀಟರ್ ಓಡಿದರೂ ಟ್ಯಾಂಕ್‌ನ ಮಟ್ಟ ಇಳಿದೇ ಇಲ್ಲ ಅಂದರೆ ಖುಷಿಪಡುವ ವಿಷಯವಲ್ಲ, ಅಲ್ವಾ?

ಪರೀಕ್ಷೆಗೆ ಮುಂಚೆ ಪೆಟ್ರೋಲ್ ಟ್ಯಾಂಕ್‌ಗೆ ಲೀಟರಿಗೆ 20 ಮಿಲಿಯಂತೆ ಟೂಟಿ ಆಯಿಲ್ ಬೆರೆಸಿಕೊಳ್ಳಿ. ಪಂಪ್ ಕೆಲಸ ಮಾಡದಿದ್ದರೂ ಎಂಜಿನ್ ಉಳಿಯುತ್ತದೆ. ಆಮೇಲೆ ಆಯಿಲ್ ಟ್ಯಾಂಕ್‌ನ ಮುಚ್ಚಳ ನೋಡಿ. ಅದರ ಗಾಳಿ ತೂತು ಕಟ್ಟಿದ್ದರೆ ಒಳಗೆ ನಿರ್ವಾತವಾಗಿ ಆಯಿಲ್ ಇಳಿಯುವುದೇ ಇಲ್ಲ. ಕೆಳಗಿನ ಜಾಲರಿಯಲ್ಲಿ ಕಸ ಕೂತಿರಬಹುದು, ರಬ್ಬರ್ ಟ್ಯೂಬ್ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಇವೆಲ್ಲ ಸರಿಯಿದ್ದರೆ ಅನುಮಾನ ಏರ್‌ಲಾಕ್ ಮೇಲೆ. ಆಯಿಲ್ ಒಮ್ಮೆ ಪೂರ್ತಿ ಖಾಲಿಯಾದರೆ, ಇಲ್ಲವೇ ಟ್ಯೂಬ್ ಬಿಚ್ಚಿ ಹಾಕಿದರೆ, ಒಳಗೆ ಗಾಳಿ ಸೇರುತ್ತದೆ. ಪಂಪ್ ಆ ಗಾಳಿಯನ್ನೇ ಒತ್ತುತ್ತಿರುತ್ತದೆ. ಪಂಪ್‌ನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಆಯಿಲ್ ಬರುವವರೆಗೆ ಬಿಟ್ಟು, ಬಿಗಿ ಮಾಡಿ. ನಂತರ ಎಂಜಿನ್ ಸ್ಲೋ ಓಡುವಾಗ ಪಂಪ್‌ನ ಲಿವರನ್ನು ಕೈಯಿಂದ ಪೂರ್ತಿ ತೆರೆದು ಹಿಡಿದರೆ, ಮುಂದಿನ ಟ್ಯೂಬ್‌ನಲ್ಲಿದ್ದ ಗುಳ್ಳೆಗಳೂ ನಿಧಾನವಾಗಿ ಹೋಗುತ್ತವೆ.

ಆಯಿಲ್ ಬರುತ್ತಿದೆಯೇ ಎಂದು ಕಣ್ಣಾರೆ ನೋಡಬೇಕಾದರೆ ಆಯಿಲ್ ಟ್ಯೂಬ್‌ನ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆ) ಕಡೆಯ ತುದಿ ಬಿಚ್ಚಿ. ಅಲ್ಲಿನ ತೂತನ್ನು ಮುಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಎಂಜಿನ್ ಅದರಿಂದಲೂ ಗಾಳಿ ಎಳೆದುಕೊಳ್ಳುತ್ತದೆ. ಧಾರೆ ಸುರಿಯುವುದಿಲ್ಲ, ಹನಿಯೊಂದು ಕಟ್ಟಲು ಸಮಯ ಹಿಡಿಯುತ್ತದೆ. ಆತುರಪಡಬಾರದು. ಹನಿ ಬಂದರೂ ಪ್ರಮಾಣ ಕಡಿಮೆ ಅನ್ನಿಸಿದರೆ ಕೇಬಲ್ ಸಡಿಲವಾಗಿದೆಯೇ, ಲಿವರ್ ಮೇಲಿನ ಗುರುತು ಪಂಪ್‌ನ ಗುರುತಿಗೆ ಕೂಡುತ್ತಿದೆಯೇ ನೋಡಿ. ಯಾವ ಸ್ಥಿತಿಯಲ್ಲಿ ಕೂಡಬೇಕು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಹನಿಯೇ ಇಲ್ಲ ಅಂದಾಗ ಮಾತ್ರ ಪಂಪ್ ಬಿಚ್ಚಿ, ಅದನ್ನು ತಿರುಗಿಸುವ ಗೇರ್‌ನ ಹಲ್ಲು ಸವೆದಿದೆಯೇ ನೋಡಬೇಕು.

ಹೊಗೆ ಜಾಸ್ತಿಯಾದರೂ ಬೈಗುಳ ಪಂಪ್‌ಗೇ ಬೀಳುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಮಾತ್ರ ದಟ್ಟ ಹೊಗೆ ಕಾರಿದರೆ, ಆಯಿಲ್ ಹಿಡಿದಿಡಬೇಕಾದ ಚೆಕ್ ವಾಲ್ವ್ ಸೋರುತ್ತಿರಬಹುದು. ಗೇರ್ ಸ್ಕೂಟರ್ ದಿನವಿಡೀ ಹೊಗೆ ಬಿಡುತ್ತಿದ್ದು, ಗೇರ್ ಆಯಿಲ್ ಕೂಡ ಕಡಿಮೆಯಾಗುತ್ತಿದ್ದರೆ, ಕ್ರ್ಯಾಂಕ್‌ನ ಆಯಿಲ್ ಸೀಲ್ ಹೋಗಿ ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತಿದೆ. ಇಲ್ಲಿ ಪಂಪ್‌ನ ತಪ್ಪೇನೂ ಇಲ್ಲ. ಅದನ್ನು ಕಿತ್ತರೂ ಹೊಗೆ ನಿಲ್ಲುವುದಿಲ್ಲ.

ಪಂಪ್ ನಿಜಕ್ಕೂ ಕೆಟ್ಟು, ಹೊಸದು ಸಿಗದೇ ಹೋದರೆ ಕ್ಯಾನ್ಸಲ್ ಮಾಡಿಸಲೇಬೇಕಾಗುತ್ತದೆ. ಆಗ ಮ್ಯಾನಿಫೋಲ್ಡಿನ ಆಯಿಲ್ ತೂತನ್ನು ಗಟ್ಟಿಯಾಗಿ ಮುಚ್ಚಿಸಿ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಆಯಿಲ್ ಬೆರೆಸಬೇಕು. ನಾಲ್ಕು ಲೀಟರಿಗೆ 80 ಮಿಲಿ. ಟೂಟಿ ಆಯಿಲೇ ಆಗಬೇಕು, ಫೋರ್-ಸ್ಟ್ರೋಕ್ ಎಂಜಿನ್ ಆಯಿಲ್ ಸರಿಯಾಗಿ ಸುಡದೆ ಕಿಟ್ಟ ಕಟ್ಟುತ್ತದೆ. ಪೆಟ್ರೋಲ್ ಮುಚ್ಚಳದ ಪಕ್ಕ ‘ಆಯಿಲ್ ಬೆರೆಸಿ’ ಎಂದು ದೊಡ್ಡದಾಗಿ ಬರೆದು ಅಂಟಿಸಿ. ಗಾಡಿಯನ್ನು ಬೇರೆಯವರ ಕೈಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿಯೂ ಕೊಡಿ.